ಬಸವಕಿರಣನ ಓಟ

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ನಾವೆಲ್ಲ ಒಂದು ಸುತ್ತು ಜೋರಾಗಿ, ಒಂದು ಸುತ್ತು ನಿಧಾನವಾಗಿ ಓಡುತ್ತೇವೆ. ಬಸವಕಿರಣನಿಗೆ ಮಾತ್ರ ನಿಧಾನವೆಂಬುದೇ ಗೊತ್ತಿಲ್ಲ. ಮೊದಲ ಸುತ್ತಿನಲ್ಲೇ ಅವನು ಎಬ್ಬಿಸಿದ ಧೂಳು ಶಾಮನೂರು ಮುಟ್ಟುತ್ತದೆ. ಆಮೇಲೆ ಬೇಲಿ ಹಿಡಿದು ವಾಂತಿ ಮಾಡಿ, "ನಾಳೆ ಸರಿ ಓಡ್ತೀನ್ರಿ" ಎನ್ನುತ್ತಾನೆ. ಆ ನಾಳೆ ಇನ್ನೂ ಬಂದಿಲ್ಲ. ಕೋಚ್ ಖಲೀಲ್ ಸಾಹೇಬರು ಮೊನ್ನೆ ಅವನ ಹೆಗಲ ಮೇಲೆ ಕೈಯಿಟ್ಟು, "ಪಕ್ಕದವರ ಜೊತೆ ಮಾತಾಡೋಕೆ ಉಸಿರು ಉಳೀಬೇಕು, ಅಷ್ಟು ನಿಧಾನ ಓಡಪ್ಪ" ಎಂದರು. "ಹಂಗೆ ಓಡಿದ್ರೆ ಪಕ್ಕದಾಗ ತಮ್ಮನ ಹೆಜ್ಜೆ ಕೇಳಿಸ್ತೈತ್ರಿ ಸರ್" ಎಂದ. ದಿನವೂ ಅವನ ಜೊತೆ ಓಡುತ್ತಿದ್ದ ತಮ್ಮ ಹೋದ ವರ್ಷ ಹರಿಹರದ ಹೊಳೆಯಲ್ಲಿ ಮುಳುಗಿ ಸತ್ತಿದ್ದ. ಸಾಹೇಬರು ಮೆಲ್ಲಗೆ ಕೈ ತೆಗೆದರು. ಬಸವಕಿರಣ ಬಾಯಿ ಒರೆಸಿಕೊಂಡು ಮತ್ತೆ ಜೋರಾಗಿ ಹೊರಟ.