ಫಾರಂನಲ್ಲಿ ಇಲ್ಲದ ಕಾಲಂ

ಔಷಧ ಕಂಪನಿಗಳಿಂದ ನಾನು ಒಂದು ಪೆನ್ನನ್ನೂ ಮುಟ್ಟಿದವಳಲ್ಲ. ಡೈರಿ, ಕ್ಯಾಲೆಂಡರ್, ಹೋಟೆಲ್ ಊಟ? ಊಹೂಂ! ಹಾಗಾಗಿ ಕಳೆದ ತಿಂಗಳು ಆಸ್ಪತ್ರೆಯವರು ಡಾಕ್ಟರುಗಳಿಗೆಲ್ಲ ಫಾರಂ ಹಂಚಿ, ‘ಕಂಪನಿಗಳಿಂದ ಪಡೆದದ್ದೇನು?’ ಎಂದು ಕೇಳಿದಾಗ ‘ಏನೂ ಇಲ್ಲ’ ಎಂದು ಜಂಬದಿಂದ ಬರೆದುಕೊಟ್ಟೆ.

ಅದೇ ದಿನ ಬಿಪಿ ತೋರಿಸಲು ಬಂದ ಅಜ್ಜಿಯೊಬ್ಬಳು ನನ್ನ ಚೀಟಿ ಹಿಡಿದು ಕೇಳಿದಳು, “ಮೇಡಂ, ಯಹೀ ವಾಲೀ ಕಾಹೇ?” ಇದೇ ಮಾತ್ರೆ ಯಾಕೆ, ಕಾಶಿಯ ಲಂಕಾ ಬಡಾವಣೆಯ ಅಂಗಡಿಯವನು ಅಗ್ಗದ್ದೂ ಇದೆ ಅಂದನಲ್ಲ, ಅಂತ.

ಚೀಟಿ ಇಸಿದುಕೊಂಡು ನೋಡಿದೆ. ಉತ್ತರ ಗೊತ್ತಿತ್ತು. ಅದು ಮಂಜುನಾಥನ ಕಂಪನಿಯ ಮಾತ್ರೆ.

ಮಂಜುನಾಥ ಮೆಡಿಕಲ್ ರೆಪ್, ಗದಗಿನವನು. ಪ್ರತಿ ಮಂಗಳವಾರ ಬಾಗಿಲಲ್ಲಿ ತಲೆ ಹಾಕಿ, “ಅಕ್ಕಾರ, ನಾಷ್ಟಾ ಆತೇನ್ರಿ?” ಎನ್ನುತ್ತಿದ್ದ. ನನಗೆ ಅಷ್ಟೇ ಸಾಕು ನೋಡಿ! ಕಾಶಿಯಲ್ಲಿ ಒಂಬತ್ತು ವರ್ಷದಿಂದ ಒಬ್ಬಳೇ ಇದ್ದೇನೆ. (ಸಿಗುವ ಕನ್ನಡಿಗರು ಮಣಿಕರ್ಣಿಕೆಯಲ್ಲಿ ಕರ್ಮ ಮುಗಿಸಿ ರೈಲು ಹತ್ತುವವರು. ಅವರ ಹತ್ತಿರ ಹರಟೆ ಹೊಡೆಯಲಾದೀತೇ?) ಮಿರ್ಚಿ, ಗಿರ್ಮಿಟ್ಟು, ಅವನ ಅವ್ವನ ಮಂಡಿನೋವು ಎಲ್ಲ ಮಾತಾಡಿ, ಕೊನೆಗೆ ಅರ್ಧ ನಿಮಿಷ ಮಾತ್ರೆಯ ವಿಷಯ. ಆ ಅರ್ಧ ನಿಮಿಷ ನನಗೇ ತಿಳಿಯದೆ ಚೀಟಿಗೆ ಇಳಿಯುತ್ತಿತ್ತು.

ನಾಚಿಕೆಯಾಯಿತು. ಅಜ್ಜಿಯ ಚೀಟಿ ಬದಲಿಸಿದೆ. ಫಾರಂ ವಾಪಸ್ ಪಡೆದು, ‘ವಾರಕ್ಕೆ ಹತ್ತು ನಿಮಿಷ ಕನ್ನಡ’ ಎಂದು ತಿದ್ದಿದೆ. ಗುಮಾಸ್ತ ನಕ್ಕ, “ಮೇಡಂ, ಇಸ್ಕಾ ಕಾಲಂ ನಹೀಂ ಹೈ!” ಇದಕ್ಕೆ ಕಾಲಂ ಇಲ್ಲವಂತೆ.

ಮುಂದಿನ ಮಂಗಳವಾರ ಮಂಜುನಾಥನಿಗೆ ಹೇಳಿಯೇಬಿಟ್ಟೆ. “ಇನ್ನ ನಾ ಔಷಧದ ಹೆಸರಷ್ಟ ಬರೀತೀನಿ, ನಿನ್ನ ಕಂಪನೀದಲ್ಲ. ನೀ ಸುಮ್ನ ಮಾತಾಡಾಕ ಬಾರಪಾ.”

ಅವನ ಮುಖ ಸಪ್ಪಗಾಯಿತು. “ಬರಬೇಕಂತ ಮನಸ್ಸೈತ್ರಿ ಅಕ್ಕಾರ. ಆದ್ರ ನಮ್ ಗುಳಿಗಿ ಬರಿಯೋ ಡಾಕ್ಟರ್ ಕಡೆನ ಹೋಗು ಅಂತಾರ್ರಿ ನಮ್ ಮ್ಯಾನೇಜರ್.”

ಮತ್ತೆ ಬರಲಿಲ್ಲ. ತಪ್ಪು ಅವನದಲ್ಲ ಬಿಡಿ, ಹೊಟ್ಟೆಪಾಡು. ಅಜ್ಜಿಯ ಬಿಪಿ ಅಗ್ಗದ ಮಾತ್ರೆಯಲ್ಲೇ ಹತೋಟಿಗೆ ಬಂದಿದೆ. ಆದರೆ ಮೂರು ವಾರದಿಂದ ನಾನು ಯಾರೊಂದಿಗೂ ಕನ್ನಡದಲ್ಲಿ ನಕ್ಕಿಲ್ಲ.

ಮಂಜುನಾಥ ಈಗ ಪಕ್ಕದ ಕೋಣೆಯ ಡಾಕ್ಟರ ಹತ್ತಿರ ಕೂರುತ್ತಾನೆ. ಅವರಿಗಾಗಿ ಭೋಜಪುರಿ ಕಲಿಯುತ್ತಿದ್ದಾನೆ. ಇಬ್ಬರೂ ನಗುವುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತದೆ. ನೀವೇ ಹೇಳಿ, ಆ ಡಾಕ್ಟರು ಬರೆಯುವ ಚೀಟಿಯಲ್ಲಿ ಅವನ ಕಂಪನಿಯ ಮಾತ್ರೆ ನೋಡಿದಾಗ ನನಗೆ ಬರುವುದು ಸಿಟ್ಟೋ, ಹೊಟ್ಟೆಕಿಚ್ಚೋ?