ಮುದ್ರೆಗೆ ಮೊದಲು ಒಂದು ಮೂಟೆ ಗಜ್ಜರಿ

ಚುಸ್ತ್ ಊರಿನ ಕಮ್ಮಾರ ಮಾಮಾಸೊಲಿ ಉಸ್ತಾ ಚಾಕು ಮಾಡಿ ಮುಗಿಸಿದರೂ ಅದಕ್ಕೆ ತನ್ನ ಮುದ್ರೆ ಒತ್ತುತ್ತಿರಲಿಲ್ಲ. ಹಿಡಿಯ ಬುಡದ ಹಿತ್ತಾಳೆ ಪಟ್ಟಿಯನ್ನು ಬೋಳಾಗಿಯೇ ಬಿಟ್ಟು, ಕೇರಿಯಲ್ಲಿ ಯಾರ ಮನೆಯಲ್ಲಿ ಮದುವೆಯೋ ಅಲ್ಲಿಗೆ ಕಳಿಸುತ್ತಿದ್ದ. ಮದುವೆಯ ಹಿಂದಿನ ದಿನ ಪಲಾವಿಗೆ ಹಳದಿ ಗಜ್ಜರಿ ಹೆಚ್ಚಲು ಗಂಡಸರೆಲ್ಲ ಸೇರುತ್ತಾರಲ್ಲ, ಅಲ್ಲಿ ಒಂದು ಮೂಟೆ ಹೆಚ್ಚಿ ಬಂದ ಮೇಲೂ ಕುರಿಯ ಉಣ್ಣೆಯನ್ನು ತಡವರಿಸದೆ ಕತ್ತರಿಸಿದರೆ ಮಾತ್ರ ಪಟ್ಟಿಯ ಮೇಲೆ ಅವನ ಮುದ್ರೆಯ ದಾಳಿಂಬೆ ಹೂವು ಬೀಳುತ್ತಿತ್ತು.

"ಸಾಣೆ ಹಿಡಿದ ಬೆಳಿಗ್ಗೆ ತಗಡೂ ಕೊಯ್ಯುತ್ತೆ. ಸಂಜೆಗೂ ಕೊಯ್ದರೆ ಅದು ಉಕ್ಕು" ಎನ್ನುತ್ತಿದ್ದ.

ಈ ಸಲ ಮದುವೆ ಅವನ ಮನೆಯಲ್ಲೇ. ಮಗಳು ಸಾಲಿಯಾಳನ್ನು ಕೊಸೊನ್ಸೊಯ್ ಊರಿನ ಕಸಾಯಿಯ ಮಗನಿಗೆ ಕೊಡುತ್ತಿದ್ದರು. ನಾಳೆ ದಿಬ್ಬಣ ಬಂದಾಗ ಅಳಿಯನ ಸೊಂಟಕ್ಕೆ ಮಾವನ ಮುದ್ರೆಯ ಚಾಕು ಸಿಕ್ಕಿಸಬೇಕು. ಅದಕ್ಕೆಂದೇ ಸಂತೆಯ ಹೊಸ ವ್ಯಾಪಾರಿ "ಬೇರಿಂಗಿನ ಅಸಲಿ ಉಕ್ಕು" ಎಂದು ಆಣೆ ಹಾಕಿ ಮಾರಿದ್ದ ತುಂಡಿನಿಂದ ಉಸ್ತಾ ಎರಡು ಚಾಕು ಬಡಿದಿದ್ದ. ಚೆನ್ನಾಗಿದ್ದದ್ದು ಅಳಿಯನಿಗೆ.

ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಹೆಚ್ಚುವ ಕೆಲಸ ಅರ್ಧ ಮುಗಿದಿತ್ತು. ಪಕ್ಕದ ಮನೆಯ ಹೋಶಿಮ್ ಕೈ ನಿಲ್ಲಿಸಿದ.

"ಉಸ್ತಾ, ನಿನ್ನ ಚಾಕು ಬೆಳಿಗ್ಗೆ ಗಜ್ಜರಿ ಹೆಚ್ತಿತ್ತು. ಈಗ ಗಜ್ಜರಿ ಜೊತೆ ಜಗಳ ಆಡ್ತಿದೆ ನೋಡು!"

ಎಲ್ಲರೂ ನಕ್ಕರು. ಉಸ್ತಾ ನಗಲಿಲ್ಲ. ಚಾಕು ಇಸಿದುಕೊಂಡು ಉಣ್ಣೆಗೆ ಹಿಡಿದ. ಅಲಗು ಉಣ್ಣೆಯನ್ನು ಕತ್ತರಿಸದೆ ಎಳೆದುಕೊಂಡು ಹೋಯಿತು. ಪಕ್ಕದವನ ಕೈಯಲ್ಲಿದ್ದ ಇನ್ನೊಂದು ಹೊಸ ಚಾಕುವಿನದೂ ಅದೇ ಪಾಡು.

"ಹದ ತಪ್ಪಿರಬೇಕು ಬಿಡಪ್ಪ" ಎಂದ ಹೋಶಿಮ್.

"ಒಂದಕ್ಕೆ ತಪ್ಪಿದ್ರೆ ನನ್ನ ಕೈ ಅನ್ನಬಹುದಿತ್ತು. ಎರಡಕ್ಕೂ ಅಂದ್ರೆ ಉಕ್ಕೇ ಖೋಟಾ."

ಚಹಾ ತಂದ ಹೆಂಡತಿ ತೊಖ್ತಾಖಾನ್ ಮೆಲ್ಲಗೆ ಹೇಳಿದಳು: "ಮುದ್ರೆ ಒತ್ತಿಬಿಡಿ ಅಂದ್ರೆ. ಬೀಗರೇನು ಉಣ್ಣೆ ಕಟ್ಟಿಕೊಂಡು ಬರ್ತಾರಾ?"

"ಅವರು ಕಸಾಯಿಗಳು ಕಣೇ. ಮೂರನೇ ಕುರಿ ಕೊಯ್ಯುವಾಗ್ಲೇ ಗೊತ್ತಾಗುತ್ತೆ. ಆಮೇಲೆ ಆಡಿಸಿಕೊಳ್ಳೋದು ನನ್ನನ್ನಲ್ಲ, ಅವರ ಒಲೆ ಮುಂದೆ ನಿಲ್ಲೋ ನನ್ನ ಮಗಳನ್ನ."

ಹೊಸದು ಬಡಿಯಲು ಹೊತ್ತಿರಲಿಲ್ಲ. ಉಸ್ತಾ ಸುತ್ತ ಕಣ್ಣಾಡಿಸಿದ. ಸಾಲಿನ ಕೊನೆಯಲ್ಲಿ ಕೂತ ಮುದುಕನೊಬ್ಬ ಯಾವ ಸದ್ದೂ ಇಲ್ಲದೆ ಹೆಚ್ಚುತ್ತಲೇ ಇದ್ದ. ಅವನ ಕೈಯಲ್ಲಿದ್ದದ್ದು ತೊಖ್ತಾಖಾನಳ ಅಡಿಗೆಮನೆ ಚಾಕು. ಉಸ್ತಾ ಮದುವೆಯಾದ ವರ್ಷ ಮಾಡಿದ್ದು. ಸವೆದು ವಿಲೋ ಮರದ ಎಲೆಯಷ್ಟು ಸಪೂರವಾಗಿತ್ತು. ಉಣ್ಣೆ ಅದಕ್ಕೆ ಸೋಕುತ್ತಲೇ ಎರಡಾಯಿತು. ಹಿತ್ತಾಳೆಯ ಮೇಲಿನ ದಾಳಿಂಬೆ ಹೂವು ಮಾಸಿದ್ದರೂ ಎಸಳು ಕಾಣುತ್ತಿತ್ತು.

"ಅಳಿಯನಿಗೆ ಇದು" ಎಂದ.

"ಅಯ್ಯೋ, ಹಳೇದಾ? ಮತ್ತೆ ನಾನು ಈರುಳ್ಳಿ ಹಲ್ಲಲ್ಲಿ ಕಚ್ಚಲಾ?" ಎಂದಳು ತೊಖ್ತಾಖಾನ್.

ಉಸ್ತಾ ಮುದ್ರೆಯಿಲ್ಲದ ಹೊಸ ಚಾಕುವನ್ನು ಅವಳ ಮುಂದಿಟ್ಟ. "ಇದನ್ನಿಟ್ಟುಕೋ. ದಿನಾ ಬೆಳಿಗ್ಗೆ ನಾನೇ ಸಾಣೆ ಹಿಡಿದು ಕೊಡ್ತೀನಿ."

ತೊಖ್ತಾಖಾನ್ ಹಳೆಯ ಚಾಕುವನ್ನು ತಲೆವಸ್ತ್ರದ ತುದಿಯಲ್ಲಿ ಒರೆಸಿದಳು, ಇನ್ನೊಮ್ಮೆ ಒರೆಸಿದಳು. ಆಮೇಲೆ ಹೋಶಿಮ್‌ನತ್ತ ತಿರುಗಿ, "ಕೇಳಿಸಿಕೊಂಡ್ಯೇನಣ್ಣಾ? ಇಷ್ಟು ವರ್ಷಕ್ಕೆ ಇವರು ಅಡಿಗೆಮನೆಗೆ ಬರೋ ಹಾಗಾಯ್ತು. ಖೋಟಾ ಉಕ್ಕು ಮಾರಿದ ಆ ವ್ಯಾಪಾರಿಗೂ ಒಂದು ತಟ್ಟೆ ಪಲಾವ್ ಕಳಿಸಬೇಕು" ಎಂದಳು.