ಎಂಜಿನ್ ಮೇಲಿನ ಚಹಾ

ಕುರ್ಲಾದ ಗ್ಯಾರೇಜಿನ ಆ ಮಿಸ್ತ್ರಿ ವಿಜಯಪುರದ ಕಡೆಯವರು. ಗಾಡಿಗೆ ಏನಾಗಿದೆಯೆಂದು ನಾನು ಹೇಳಹೊರಟರೆ ಕೈ ಅಡ್ಡ ಹಿಡಿದು, ತಾವೇ ಬಾನೆಟ್ಟಿಗೆ ಕಿವಿ ಕೊಡುತ್ತಿದ್ದರು. "ನೀವು ಸುಮ್ನಿರ್ರಿ. ಗಾಡಿ ಸುಳ್ಳು ಹೇಳೂದಿಲ್ಲ."

ಅವರ ಯಾವ ರಿಪೇರಿಯೂ ಚಹಾ ಇಲ್ಲದೆ ಮುಗಿಯುತ್ತಿರಲಿಲ್ಲ. ಮುಂಬೈಯೆಲ್ಲ ಅರ್ಧ ಗ್ಲಾಸಿನ ಕಟಿಂಗ್ ಕುಡಿದರೆ ಇವರು ತುಂಬಿದ ಗ್ಲಾಸ್ ತರಿಸಿ, ಓಡುತ್ತಿರುವ ಎಂಜಿನ್ನಿನ ಮೇಲಿಡುತ್ತಿದ್ದರು. ತುಳುಕದಿದ್ದರೆ ಗಾಡಿ ಪಾಸು.

ನನ್ನ ಹಳೆಯ ಕಾರು ನೀರಿಗೆ ಆಯಿಲ್ ಬೆರೆಸಿಕೊಂಡು ಬಿಳಿ ಹೊಗೆ ಉಗುಳತೊಡಗಿದಾಗ, ಇದೇ ಕೊನೆಯ ರಿಪೇರಿ, ಸರಿಹೋಗದಿದ್ದರೆ ಗುಜರಿಗೆ ಎಂದು ಹೆಂಡತಿ ಹೇಳಿಬಿಟ್ಟಿದ್ದಳು. ಮಿಸ್ತ್ರಿ ಹೆಡ್ ಇಳಿಸಿ ಗ್ಯಾಸ್ಕೆಟ್ ಬದಲಿಸಿದರು. ಸವೆದ ಕ್ಯಾಮ್‌ಶಾಫ್ಟ್ ತೆಗೆದು ಹೊಸದು ಕೂರಿಸಿದರು. ಚಹಾದ ಹೊತ್ತಿಗೆ ಸರಿಯಾಗಿ ಅವಳೂ ಬಂದು ನಿಂತಳು.

ಗ್ಲಾಸ್ ಇಟ್ಟರು. ಚಹಾ ತುಳುಕಿತು.

"ಅಂಗಡಿಯಾಂವ ಭಾಳ ತುಂಬ್ಯಾನ್ರಿ," ಎಂದು ಒಂದು ಗುಟುಕು ಕುಡಿದು ಮತ್ತೆ ಇಟ್ಟರು. ಮತ್ತೆ ತುಳುಕಿತು. "ಚಹಾದಾಗ ನೀರ ಜಾಸ್ತಿ ಐತಿ." ಇನ್ನೊಂದು ಗುಟುಕು. ಹೀಗೇ ಕುಡಿಯುತ್ತ ಕುಡಿಯುತ್ತ ಗ್ಲಾಸಿನ ತಳ ಕಂಡಿತು. "ನೋಡ್ರಿ ಅಕ್ಕಾರ, ಒಂದ್ ಹನಿ ಚೆಲ್ಲಲಿಲ್ಲ!"

ಆದರೆ ಖಾಲಿ ಗ್ಲಾಸ್ ಗಡಗಡ ನಡುಗುತ್ತ ಎಂಜಿನ್ನಿನ ಅಂಚಿನತ್ತ ಹೊರಟಿತ್ತು. ಬೀಳುವ ಮೊದಲೇ ಮಿಸ್ತ್ರಿ ಅದನ್ನು ಹಿಡಿದುಕೊಂಡು ಎಂಜಿನ್ ಬಂದ್ ಮಾಡಿದರು. ಕ್ಯಾಮ್‌ಶಾಫ್ಟ್ ಕೂರಿಸುವಾಗ ಅವರೇ ಅದರ ಹಲ್ಲುಚಕ್ರವನ್ನು ಒಂದು ಹಲ್ಲು ತಪ್ಪಿಸಿ ಜೋಡಿಸಿದ್ದರು; ನಡುಕ ಅದರದೇ.

"ಗಾಡಿ ಸುಳ್ಳು ಹೇಳೂದಿಲ್ರಿ, ಅಕ್ಕಾರ. ಸುಳ್ಳು ಹೇಳಾಂವ ನಾನ."

ಮತ್ತೆ ಸ್ಪ್ಯಾನರ್ ಕೈಗೆತ್ತಿಕೊಂಡು ಎದುರಿನ ಚಹಾದಂಗಡಿಗೆ ಕೂಗಿದರು: "ಏಕ್ ಔರ್ ಚಾಯ್! ಫುಲ್ ಭರ್ಕೆ!"